ಮತ್ತೆ ಅದೇ ಕಂಬ ಕತ್ತಲು

ದುರಸ್ತಿಯಾದ ಬೀದಿದೀಪ ಮೂರು ವಾರದಲ್ಲಿ ಮತ್ತೆ ಆರಿದರೆ ಪಾಲಿಕೆಯ ಲೆಕ್ಕದಲ್ಲಿ ಅದು ಹೊಸ ದೂರು. ಹಳೆಯ ದೂರಿಗೆ ‘ಪರಿಹರಿಸಲಾಗಿದೆ’ ಎಂಬ ಮುದ್ರೆ ಬಿದ್ದಾಗಿದೆ, ಗುತ್ತಿಗೆದಾರನ ಬಿಲ್ಲಿಗೆ ಒಂದು ಸಾಲು ಸೇರಿಯಾಗಿದೆ. ಬೀದಿಯವರು ಮಾತ್ರ ಅದನ್ನು ಒಂದೇ ದೂರು ಎಂದು ಎಣಿಸುತ್ತಾರೆ, ಅವರ ಎಣಿಕೆಯೇ ಸರಿ. ಬೀದಿದೀಪ ಕೆಡುವುದರಲ್ಲಿ ಆಶ್ಚರ್ಯವಿಲ್ಲ. ಮಳೆ, ಬಿಸಿಲು, ಧೂಳು, ಸಿಡಿಲಿನ ನಡುವೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಗಂಟೆ ಉರಿಯುವ ವಸ್ತು ಎಂದಾದರೂ ಕೆಟ್ಟೇ ಕೆಡುತ್ತದೆ. ಆದರೆ ಅದೇ ಕಂಬಕ್ಕೆ, ಅದೇ ಸಾಲಿಗೆ, ಅದೇ ಮೇಲ್ಸೇತುವೆಯ ಕೆಳಕ್ಕೆ ವರ್ಷದಿಂದ ವರ್ಷಕ್ಕೆ ಕತ್ತಲು ಮರಳಿ ಬರುವುದಕ್ಕೆ ಕಾರಣ ಬೇರೆ. ನಾವು ಆರಿದ ದೀಪವನ್ನು ಬದಲಿಸುತ್ತಿದ್ದೇವೆ. ಅದನ್ನು ಆರಿಸಿದ್ದು ಏನೆಂದು ಹುಡುಕುತ್ತಿಲ್ಲ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪೇಟೆಯನ್ನು ಬೆಳಗಿತು. ಆ ಹೆಮ್ಮೆಯನ್ನು ನಾವು ಇಂದಿಗೂ ಹೇಳಿಕೊಳ್ಳುತ್ತೇವೆ. ಇಂದು ನಗರದ ದೀಪಗಳ ಸಂಖ್ಯೆ ಐದು ಲಕ್ಷದ ಹತ್ತಿರ ಬಂದಿದೆ. ಅಷ್ಟು ಬೇಗ ದೀಪ ಹಚ್ಚಿದ ಊರಿನವರು ಹಚ್ಚಿದ್ದನ್ನು ಕಾಯ್ದುಕೊಳ್ಳುವ ವಿದ್ಯೆಯಲ್ಲಿಯೂ ಮುಂದಿರಬೇಕಿತ್ತು ಎಂಬುದು ನನ್ನ ಹಂಬಲ.

ಆ ವಿದ್ಯೆಯ ಮೊದಲ ಪಾಠ, ಕತ್ತಲಿನ ಆಕಾರವನ್ನು ಓದುವುದು. ಟ್ರಾನ್ಸ್‌ಫಾರ್ಮರ್‌ನಿಂದ ಹೊರಟ ವಿದ್ಯುತ್ತು ರಸ್ತೆ ಬದಿಯ ಒಂದು ಕಬ್ಬಿಣದ ಪೆಟ್ಟಿಗೆಗೆ, ಅಂದರೆ ಕಂಟ್ರೋಲ್ ಪ್ಯಾನೆಲ್‌ಗೆ ಬರುತ್ತದೆ. ಅದರೊಳಗೆ ಮೀಟರು, ಟೈಮರು, ಟೈಮರು ಹೇಳಿದಂತೆ ದೀಪ ಹಚ್ಚಿ ಆರಿಸುವ ಕಾಂಟ್ಯಾಕ್ಟರು, ಹೊರೆ ಮೀರಿದರೆ ತಾನೇ ಬೀಳುವ ಎಂಸಿಬಿ ಇರುತ್ತವೆ. ಅಲ್ಲಿಂದ ಮೂರು ಫೇಸುಗಳು ಬೀದಿಯುದ್ದಕ್ಕೂ ಸಾಗಿ, ಹೊರೆ ಸಮನಾಗಿರಲೆಂದು ಕಂಬದಿಂದ ಕಂಬಕ್ಕೆ ಸರದಿಯಂತೆ ಹಂಚಿಕೆಯಾಗುತ್ತವೆ: ಮೊದಲ ಕಂಬ ಆರ್, ಎರಡನೆಯದು ವೈ, ಮೂರನೆಯದು ಬಿ. ಹೀಗಿರುವುದರಿಂದ ಮೂರಕ್ಕೊಂದು ದೀಪ ಆರಿದ್ದರೆ ಏಣಿ ಹತ್ತುವ ಅಗತ್ಯವೇ ಇಲ್ಲ. ಒಂದು ಫೇಸು ಹೋಗಿದೆ, ಪ್ಯಾನೆಲ್ ತೆರೆದರೆ ಸಾಕು. ಒಂದು ಕಂಬದಿಂದ ಮುಂದಿನವೆಲ್ಲ ಆರಿದ್ದರೆ ಆ ಕಂಬಕ್ಕೂ ಅದರ ಹಿಂದಿನದಕ್ಕೂ ನಡುವೆ ಕೇಬಲ್ಲು ಕಡಿದಿದೆ ಅಥವಾ ಜಾಯಿಂಟು ಸುಟ್ಟಿದೆ. ಇಡೀ ಬೀದಿ ಆರಿದ್ದರೆ ಟೈಮರು, ಕಾಂಟ್ಯಾಕ್ಟರು, ಇಲ್ಲವೇ ಟ್ರಿಪ್ ಆದ ಎಂಸಿಬಿ. ಒಂದೇ ದೀಪ ಹತ್ತಿ, ಕೆಲ ನಿಮಿಷ ಉರಿದು, ಆರಿ, ತಣಿದು ಮತ್ತೆ ಹತ್ತುತ್ತಿದ್ದರೆ ಮತ್ತು ಅದು ಹಳೆಯ ಸೋಡಿಯಂ ದೀಪವಾಗಿದ್ದರೆ, ಅದರ ಆಯುಷ್ಯ ಮುಗಿದಿದೆ. ಮುಪ್ಪಾದ ಕೊಳವೆ ಬೇಡುವ ವೋಲ್ಟೇಜನ್ನು ಚೋಕು ಕೊಡಲಾರದು. ಎಲ್‌ಇಡಿ ದೀಪ ಹೀಗೆ ಮಾಡಿದರೆ ತಪ್ಪು ಅದಕ್ಕೆ ಹದವಾದ ವಿದ್ಯುತ್ತು ಕೊಡುವ ಡ್ರೈವರಿನದು ಅಥವಾ ಸಡಿಲ ಸಂಪರ್ಕದ್ದು.

ಅನುಭವವಿರುವ ವೈರ್‌ಮನ್ ಇಷ್ಟನ್ನೂ ರಸ್ತೆಯ ತುದಿಯಲ್ಲಿ ನಿಂತು ಹೇಳಬಲ್ಲ. ಆದರೆ ಅವನ ಕೈಗೆ ಬರುವ ದೂರಿನಲ್ಲಿ ಆಕಾರವೇ ಇರುವುದಿಲ್ಲ. ‘ಬೀದಿದೀಪ ಉರಿಯುತ್ತಿಲ್ಲ’ ಎಂಬ ಎರಡು ಪದ, ಹತ್ತಿರದ ಅಂಗಡಿಯ ಹೆಸರು, ಅಷ್ಟೇ. ಎಷ್ಟು ದೀಪ, ಯಾವ ಸರದಿಯಲ್ಲಿ, ಮಳೆ ಬಂದ ಮೇಲೋ ಮೊದಲೋ, ಪೂರ್ತಿ ಆರಿದೆಯೋ ಮಿನುಗುತ್ತಿದೆಯೋ ಎಂದು ಯಾರೂ ಕೇಳುವುದಿಲ್ಲ. ಅದೂ ಸಾಲದೆಂಬಂತೆ ದೂರು ರಾತ್ರಿಯದು, ದುರಸ್ತಿ ಹಗಲಿನದು. ಮಧ್ಯಾಹ್ನ ಬಂದವನಿಗೆ ಎಲ್ಲ ಕಂಬಗಳೂ ಒಂದೇ ಥರ ಕಾಣುತ್ತವೆ.

ಮಳೆಗಾಲದ ದೋಷದಲ್ಲಿ ಈ ಹಗಲು-ರಾತ್ರಿಯ ಅಂತರ ಅಪಾಯಕಾರಿಯಾಗುತ್ತದೆ, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಂಬದ ಬುಡದಲ್ಲಿ ಜಂಕ್ಷನ್ ಬಾಕ್ಸ್ ಇರುತ್ತದೆ. ನೆಲದಡಿಯ ಕೇಬಲ್ಲು ಅಲ್ಲಿ ಬಂದು, ಒಂದು ಎಳೆ ಮೇಲಿನ ದೀಪಕ್ಕೆ, ಉಳಿದದ್ದು ಮುಂದಿನ ಕಂಬಕ್ಕೆ ಹೋಗುತ್ತದೆ. ಕಂಬ ನೆಟ್ಟ ದಿನ ಆ ಪೆಟ್ಟಿಗೆ ನೆಲದಿಂದ ಸಾಕಷ್ಟು ಮೇಲಿರುತ್ತದೆ. ಆಮೇಲೆ ರಸ್ತೆಗೆ ಡಾಂಬರಿನ ಪದರದ ಮೇಲೆ ಪದರ ಬೀಳುತ್ತದೆ, ಅದಕ್ಕೆ ಸರಿಯಾಗಿ ಫುಟ್‌ಪಾತನ್ನು ಎತ್ತರಿಸುತ್ತಾರೆ, ಪೆಟ್ಟಿಗೆಯ ಬಾಗಿಲು ಕಲ್ಲಿನ ಮಟ್ಟಕ್ಕೆ ಇಳಿದಂತಾಗುತ್ತದೆ. ಬಾಗಿಲೇ ಕಳುವಾಗಿರುವುದೂ ಉಂಟು. ಆಗ ಒಳಗಿನ ತಂತಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿರುತ್ತಾರೆ. ಸಂಜೆಯ ಮಳೆಗೆ ನೀರು ಅಲ್ಲಿಗೆ ಏರಿದಾಗ ವಿದ್ಯುತ್ತು ಕಂಬಕ್ಕೂ ನೆಲಕ್ಕೂ ಸೋರುತ್ತದೆ, ಪ್ಯಾನೆಲ್ ಟ್ರಿಪ್ ಆಗುತ್ತದೆ, ಬೀದಿಗೆ ಬೀದಿಯೇ ಕತ್ತಲಾಗುತ್ತದೆ. ಮರುದಿನ ಹನ್ನೊಂದರ ಬಿಸಿಲಿಗೆ ಎಲ್ಲ ಒಣಗಿರುತ್ತದೆ. ಬಂದವನು ಸ್ವಿಚ್ ಮೇಲೆತ್ತುತ್ತಾನೆ, ದೀಪ ಹತ್ತುತ್ತದೆ, ದೂರು ಮುಗಿಯುತ್ತದೆ. ಮುಂದಿನ ಮಳೆಗೆ ಮತ್ತೆ ಅದೇ.

ಹೀಗೆ ನಾಲ್ಕು ಸಲವಾದ ಮೇಲೆ ಒತ್ತಡ ಶುರುವಾಗುತ್ತದೆ. ಕಾರ್ಪೊರೇಟರ್ ಮನೆಯಿಂದ ಫೋನು, ಎಂಜಿನಿಯರ್ ಕಚೇರಿಯಿಂದ ಫೋನು. ಆಗ ಯಾರೋ ಪ್ಯಾನೆಲ್ಲಿನಲ್ಲಿ ಸೋರಿಕೆ ಹಿಡಿಯುವ ಇಎಲ್‌ಸಿಬಿಯನ್ನೇ ಬೈಪಾಸ್ ಮಾಡುತ್ತಾರೆ, ಇಲ್ಲವೇ ಎಂಸಿಬಿ ತೆಗೆದು ದಪ್ಪ ತಂತಿ ಹಾಕುತ್ತಾರೆ. ಅಂದಿನಿಂದ ದೀಪ ಆರುವುದಿಲ್ಲ, ದೂರೂ ಬರುವುದಿಲ್ಲ. ಕಾಗದದ ಮೇಲೆ ಇದು ಅತ್ಯಂತ ಯಶಸ್ವಿ ದುರಸ್ತಿ. ನೀರು ನಿಂತ ಫುಟ್‌ಪಾತಿನಲ್ಲಿ ಆ ಕಂಬವನ್ನು ಮುಟ್ಟುವ ಮಗುವಿಗೆ ಅದು ಸಾವು. 2023ರ ಜೂನ್‌ನಲ್ಲಿ ನವದೆಹಲಿ ರೈಲು ನಿಲ್ದಾಣದ ಹೊರಗೆ, ಮಳೆನೀರು ನಿಂತ ಕಡೆ ಕಂಬ ಹಿಡಿದ ಒಬ್ಬ ಮಹಿಳೆ ವಿದ್ಯುದಾಘಾತದಿಂದ ತೀರಿಕೊಂಡರು; ಇಂಥ ಸಾವುಗಳು ದೇಶದ ಹಲವು ಊರುಗಳಿಂದ ಪ್ರತಿ ಮಳೆಗಾಲ ಸುದ್ದಿಯಾಗುತ್ತವೆ. ಪದೇ ಪದೇ ಟ್ರಿಪ್ ಆಗುವ ಪ್ಯಾನೆಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದರ ಬಾಯಿ ಕಟ್ಟುವುದನ್ನು ದುರಸ್ತಿ ಎನ್ನುವ ರೂಢಿ ಕ್ರಿಮಿನಲ್ ಅಪರಾಧಕ್ಕೆ ಸಮ ಎಂದು ನಾನು ನಂಬುತ್ತೇನೆ.

ಸರಿಯಾದ ದಾರಿ ಕಷ್ಟದ್ದೇನಲ್ಲ, ನಿಧಾನದ್ದು. ಸಾಲನ್ನು ಎರಡು ಭಾಗ ಮಾಡಿ, ಪ್ರತಿ ಭಾಗದ ಇನ್ಸುಲೇಷನ್ನನ್ನು ಮೆಗ್ಗರ್‌ನಿಂದ ಅಳೆಯಬೇಕು. ಕೆಟ್ಟ ಅರ್ಧವನ್ನು ಮತ್ತೆ ಎರಡು ಮಾಡಬೇಕು. ಮೂವತ್ತೆರಡು ಕಂಬದ ಸಾಲಿನಲ್ಲಿ ಐದು ಅಳತೆಗೆ ದೋಷದ ಕಂಬ ಸಿಗುತ್ತದೆ. ಆದರೆ ಅಳತೆ ತೇವ ಇರುವಾಗ ನಡೆಯಬೇಕು, ಮಳೆ ನಿಂತ ಗಂಟೆಯೊಳಗೆ. ಒಣಗಿದ ಮೇಲೆ ಅಳೆದರೆ ಮೆಗ್ಗರ್ ಕೂಡ ಎಲ್ಲ ಚೆನ್ನಾಗಿದೆ ಎನ್ನುತ್ತದೆ.

ಜಂಕ್ಷನ್ ಬಾಕ್ಸಿಗೆ ಇನ್ನೊಂದು ಬಳಕೆಯೂ ಇದೆ. ತಳ್ಳುಗಾಡಿಯವರು, ಹಬ್ಬದ ಪೆಂಡಾಲಿನವರು, ಬ್ಯಾನರಿಗೆ ಫೋಕಸ್ ಲೈಟು ಹಾಕುವವರು ಅಲ್ಲಿಂದಲೇ ತಂತಿ ಎಳೆಯುತ್ತಾರೆ. ಹೊರೆ ಹೆಚ್ಚಿ ಎಂಸಿಬಿ ಬೀಳುತ್ತದೆ. ಪೆಂಡಾಲಿಗೆ ತಾತ್ಕಾಲಿಕ ಸಂಪರ್ಕ ಪಡೆಯುವ ವ್ಯವಸ್ಥೆ ಇದೆ, ಅದನ್ನು ಕಡ್ಡಾಯ ಮಾಡಬಹುದು. ಬೀದಿ ವ್ಯಾಪಾರಿಯ ಮಾತು ಬೇರೆ. ಸಂಜೆ ಆರರಿಂದ ಹತ್ತರವರೆಗೆ ಒಂದು ಬಲ್ಬು ಉರಿಸಲು ಅವನಿಗೆ ಕಾನೂನುಬದ್ಧ ದಾರಿಯನ್ನು ನಾವು ಕೊಟ್ಟಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರ ವಲಯ ಗುರುತಿಸುವಾಗ ಅಲ್ಲೊಂದು ಮೀಟರು ಹಾಕಿಕೊಟ್ಟರೆ ಬೀದಿದೀಪದ ಒಂದು ದೋಷ ತಾನಾಗಿ ಕಡಿಮೆಯಾಗುತ್ತದೆ.

ಎಲ್‌ಇಡಿ ಬಂದ ಮೇಲೆ ದೋಷಗಳ ಸ್ವರೂಪವೇ ಬದಲಾಗಿದೆ. ಸೋಡಿಯಂ ದೀಪದ ಚೋಕು ಕಬ್ಬಿಣ ಮತ್ತು ತಾಮ್ರದ ದಪ್ಪ ಗಟ್ಟಿ. ವೋಲ್ಟೇಜ್ ಏರಿಳಿತವನ್ನು ಹೇಗೋ ತಾಳಿಕೊಳ್ಳುತ್ತಿತ್ತು. ಎಲ್‌ಇಡಿಯ ಡ್ರೈವರ್ ಒಂದು ಸೂಕ್ಷ್ಮ ಎಲೆಕ್ಟ್ರಾನಿಕ್ ಸಾಧನ. ‘ಐವತ್ತು ಸಾವಿರ ಗಂಟೆ ಆಯುಷ್ಯ’ ಎಂದು ಜಾಹೀರಾತು ಹೇಳುತ್ತದೆ. ನಮ್ಮ ಬಳಕೆಯಲ್ಲಿ ಅದು ಹನ್ನೆರಡು ವರ್ಷಕ್ಕೆ ಸಮ. ಆದರೆ ಆ ಅಂಕಿ ಬೆಳಕು ಕೊಡುವ ಚಿಪ್ಪಿನದು, ಅದೂ ಬೆಳಕು ಶೇ 70ಕ್ಕೆ ಇಳಿಯುವವರೆಗಿನ ಅವಧಿ. ಡ್ರೈವರಿನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಅಷ್ಟು ಆಯುಷ್ಯವಿರಬೇಕೆಂದಿಲ್ಲ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಹಗಲೆಲ್ಲ ಕಾದ ದೀಪದ ಪೆಟ್ಟಿಗೆ ಸಂಜೆ ಆರೂವರೆಗೆ ತಣಿಯುವ ಮೊದಲೇ ಉರಿಯಲು ಶುರು ಮಾಡುತ್ತದೆ. ಮಂಗಳೂರಿನಲ್ಲಿ ಶತ್ರು ಬೇರೆ: ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ, ಉಪ್ಪುಗಾಳಿ, ಬುಡದಲ್ಲೇ ತುಕ್ಕು ತಿನ್ನುವ ಕಂಬ. ಎರಡೂ ಊರಿಗೆ ಒಂದೇ ಟೆಂಡರ್ ವಿವರಣೆ ನಕಲಾದರೆ ಒಂದಲ್ಲ ಒಂದು ಕಡೆ ಸೋಲು ಖಚಿತ.

ಡ್ರೈವರ್‌ಗಳನ್ನು ಗುಂಪಾಗಿ ಕೊಲ್ಲುವ ದೋಷ ನ್ಯೂಟ್ರಲ್ಲಿನದು. ಮೂರು ಫೇಸಿನ ಸಾಲಿನಲ್ಲಿ ಪ್ರತಿ ದೀಪಕ್ಕೆ 230 ವೋಲ್ಟ್ ಸಿಗುವುದು ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಮಾತ್ರ. ಅದು ಸಡಿಲವಾದರೆ ಅಥವಾ ಕಡಿದರೆ ಫೇಸುಗಳ ನಡುವಿನ 400 ವೋಲ್ಟ್ ಅಸಮವಾಗಿ ಹಂಚಿಕೆಯಾಗುತ್ತದೆ. ಹೊರೆ ಕಡಿಮೆಯಿರುವ ಫೇಸಿನ ದೀಪಗಳಿಗೆ 300 ದಾಟಿದ ವೋಲ್ಟೇಜ್ ನುಗ್ಗುತ್ತದೆ. ಒಂದೇ ರಾತ್ರಿ ಬೀದಿಯ ಹತ್ತು ಹನ್ನೆರಡು ಡ್ರೈವರ್ ಸುಡುತ್ತವೆ. ‘ಈ ಬ್ಯಾಚ್ ಕಳಪೆ’ ಎಂದು ಗುತ್ತಿಗೆದಾರ ಹೇಳುತ್ತಾನೆ, ‘ನಿಮ್ಮ ಲೈನ್ ಸರಿಯಿಲ್ಲ’ ಎಂದು ತಯಾರಕ ಹೇಳುತ್ತಾನೆ, ವಾರಂಟಿ ವಿವಾದದಲ್ಲಿ ತಿಂಗಳುಗಳು ಹೋಗುತ್ತವೆ. ಹೊಸ ಡ್ರೈವರ್ ಹಾಕುತ್ತಾರೆ, ಅವೂ ಸುಡುತ್ತವೆ. ಸಡಿಲ ನ್ಯೂಟ್ರಲ್ ಎಲ್ಲಿರುತ್ತದೆ? ಬಹುತೇಕ ತಾಮ್ರದ ತಂತಿಯನ್ನು ಅಲ್ಯೂಮಿನಿಯಂ ಕೇಬಲ್ಲಿಗೆ ಕೈಯಲ್ಲಿ ತಿರುಚಿ, ಟೇಪು ಸುತ್ತಿದ ಕಡೆ. ಆ ಎರಡು ಲೋಹಗಳು ತೇವದಲ್ಲಿ ಕೂಡಿದರೆ ಅಲ್ಯೂಮಿನಿಯಂ ಸವೆಯುತ್ತದೆ. ರಾತ್ರಿ ಬಿಸಿಯಾಗಿ ಹಗಲು ತಣಿಯುವಾಗ ಅಲ್ಯೂಮಿನಿಯಂ ಹಿಗ್ಗಿ ಕುಗ್ಗಿ ಹಿಡಿತ ಬಿಡುತ್ತದೆ. ಅಲ್ಲಿ ಎರಡು ಲೋಹಕ್ಕೂ ಹೊಂದುವ ಬೈಮೆಟಲ್ ಲಗ್ಗು ಬೇಕು. ಅತಿ ಅಗ್ಗದ ಈ ವಸ್ತುವಿನ ಕೊರತೆಗೆ ಸಾವಿರಾರು ರೂಪಾಯಿಯ ದೀಪಗಳು ಬಲಿಯಾಗುತ್ತವೆ.

ಸಿಡಿಲಿನ ಕಥೆಯೂ ಇದಕ್ಕೆ ಹತ್ತಿರದ್ದು. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ತಂತಿಗಳಲ್ಲಿ ಕ್ಷಣಿಕ ಅಧಿಕ ವೋಲ್ಟೇಜ್ ಹರಿಯುತ್ತದೆ. ಅದನ್ನು ನೆಲಕ್ಕಿಳಿಸಲು ದೀಪದೊಳಗೆ ಸರ್ಜ್ ಪ್ರೊಟೆಕ್ಟರ್ ಇರುತ್ತದೆ, ಟೆಂಡರುಗಳಲ್ಲಿ 10 ಕೆವಿ ಎಂದು ಬರೆದೂ ಇರುತ್ತಾರೆ. ಆದರೆ ನೆಲಕ್ಕಿಳಿಸಲು ನೆಲದ ಸಂಪರ್ಕ ಬೇಕಲ್ಲ! ಅರ್ಥಿಂಗ್ ಪೈಪು ಕಳುವಾಗಿದ್ದರೆ, ಅಥವಾ ಬೇಸಿಗೆಯ ಒಣಮಣ್ಣಿನಲ್ಲಿ ಅದರ ರೋಧ ಏರಿದ್ದರೆ, ಆ ರಕ್ಷಣೆ ಹೆಸರಿಗಷ್ಟೇ. ಮೇಲಾಗಿ ಪ್ರೊಟೆಕ್ಟರ್ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ; ಸವೆದು ಮುಗಿದದ್ದು ಹೊರಗಿನಿಂದ ಕಾಣುವುದಿಲ್ಲ.

ಹಗಲು ಉರಿಯುವ ದೀಪಗಳ ಬಗ್ಗೆ ಜನ ಸಿಟ್ಟಾಗುವುದು ಸಹಜ, ಅದರ ಕಾರಣ ಸರಳ. ಹಳೆಯ ಮೋಟಾರು ಟೈಮರು ಕರೆಂಟು ಹೋದಷ್ಟು ಹೊತ್ತು ನಿಂತುಬಿಡುತ್ತದೆ. ದಿನಕ್ಕೊಂದು ಗಂಟೆ ಪವರ್‌ಕಟ್ ಆದರೆ ವಾರದಲ್ಲಿ ಏಳು ಗಂಟೆ ಹಿಂದೆ ಬೀಳುತ್ತದೆ. ಡಿಜಿಟಲ್ ಟೈಮರಿನ ಬ್ಯಾಟರಿ ಸತ್ತರೂ ಇದೇ ಗತಿ. ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡರೆ ಟೈಮರು ಏನು ಹೇಳಿದರೂ ದೀಪ ಆರುವುದಿಲ್ಲ. ಬೆಂಗಳೂರಿನ ಸೂರ್ಯಾಸ್ತ ನವೆಂಬರಿನಲ್ಲಿ 5.50ರ ಸುಮಾರು, ಜುಲೈಯಲ್ಲಿ 6.50ರ ಸುಮಾರು. ಈ ವ್ಯತ್ಯಾಸಕ್ಕೆ ಅಕ್ಷಾಂಶ ಲೆಕ್ಕ ಹಾಕಿ ತಾನೇ ಹೊಂದಿಕೊಳ್ಳುವ ಟೈಮರುಗಳು ಈಗ ಸುಲಭವಾಗಿ ಸಿಗುತ್ತವೆ.

ದೀಪ ಉರಿಯುತ್ತಿದ್ದೂ ಬೀದಿ ಕತ್ತಲಿರುವುದು ಬೆಂಗಳೂರಿನ ವಿಶೇಷ ದೋಷ. ಮಳೆಮರ, ಗುಲ್‌ಮೊಹರ್, ಹೊಂಗೆಯ ಚಪ್ಪರದ ಮೇಲೆ ಒಂಬತ್ತು ಮೀಟರಿನ ಕಂಬದ ದೀಪ ಎಲೆಗಳನ್ನು ಬೆಳಗುತ್ತದೆ. ಇದಕ್ಕೆ ಕೊಂಬೆ ಕಡಿಯುವುದೊಂದೇ ಮದ್ದು ಎಂಬ ವಾದವನ್ನು ನಾನು ಒಪ್ಪಲಾರೆ. ಚಪ್ಪರದ ಕೆಳಗೆ ಬರುವಂತೆ ದೀಪದ ತೋಳನ್ನು ಇಳಿಸಿ, ಕಡಿಮೆ ವ್ಯಾಟಿನ ಹೆಚ್ಚು ದೀಪಗಳನ್ನು ಹತ್ತಿರ ಹತ್ತಿರ ಹಾಕಬಹುದು. ಬೀದಿಗೆ ಸರಾಸರಿ ಎಷ್ಟು ಬೆಳಕು ಬೇಕೆಂಬುದಕ್ಕೆ ಭಾರತೀಯ ಮಾನಕವಿದೆ: ಸಣ್ಣ ವಸತಿ ಬೀದಿಗೆ 4 ಲಕ್ಸ್, ಅತಿ ಮುಖ್ಯ ರಸ್ತೆಗೆ 30. ಆ ಮಾನಕ ಸರಾಸರಿಯ ಜೊತೆಗೆ ಸಮತೆಯನ್ನೂ ಕೇಳುತ್ತದೆ. ಪ್ರಖರ ದೀಪಗಳ ನಡುವೆ ಒಂದು ಆರಿದ್ದರೆ, ಬೆಳಕಿಗೆ ಹೊಂದಿಕೊಂಡ ಸವಾರನ ಕಣ್ಣಿಗೆ ಅಲ್ಲಿನ ಗುಂಡಿಯೂ ಕಾಣುವುದಿಲ್ಲ, ದಾಟುತ್ತಿರುವ ಮನುಷ್ಯನೂ ಕಾಣುವುದಿಲ್ಲ.

ಹೊರಗಿನ ನಗರಗಳೂ ಇದೇ ಪಾಠ ಕಲಿತಿವೆ, ದುಬಾರಿ ಬೆಲೆ ತೆತ್ತು. ಅಮೆರಿಕದ ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿಯಾದಾಗ ಅದರ ಸುಮಾರು 88 ಸಾವಿರ ಬೀದಿದೀಪಗಳಲ್ಲಿ ಶೇ 40ರಷ್ಟು ಉರಿಯುತ್ತಿರಲಿಲ್ಲ. ಅಲ್ಲಿ ಅನೇಕ ಕಡೆ ಹಳೆಯ ಸರಣಿ ಸರ್ಕೀಟುಗಳಿದ್ದವು. ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನಂತೆ ಒಂದು ಕಡೆ ಕಡಿದರೆ ಇಡೀ ಸಾಲು ಆರುತ್ತಿತ್ತು. ಜೊತೆಗೆ ತಾಮ್ರದ ತಂತಿಯ ಕಳವು. ಅವರು ಬಲ್ಬು ಬದಲಿಸುತ್ತ ಕೂರದೆ ಪ್ರತ್ಯೇಕ ಪ್ರಾಧಿಕಾರವೊಂದನ್ನು ಕಟ್ಟಿ, ಕಳ್ಳರಿಗೆ ಲಾಭವಿಲ್ಲದ ಅಲ್ಯೂಮಿನಿಯಂ ತಂತಿ ಎಳೆದು, 2016ರ ಡಿಸೆಂಬರ್ ಹೊತ್ತಿಗೆ 65 ಸಾವಿರ ಎಲ್‌ಇಡಿ ದೀಪಗಳನ್ನು ನಿಲ್ಲಿಸಿದರು. ಮೂರೇ ವರ್ಷದಲ್ಲಿ ಅವುಗಳಲ್ಲಿ ಸುಮಾರು 20 ಸಾವಿರ ಅಕಾಲದಲ್ಲಿ ಮಂಕಾಗುತ್ತಿವೆ, ಸುಡುತ್ತಿವೆ ಎಂದು ಪ್ರಾಧಿಕಾರ ತಯಾರಕರ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಅದೇ ಕಾಲದ ಆಸುಪಾಸಿನಲ್ಲಿ ಅಮೆರಿಕದ ಹಲವು ನಗರಗಳ ಬೀದಿದೀಪಗಳು ನೇರಳೆ ಬಣ್ಣಕ್ಕೆ ತಿರುಗಿದವು. ನೀಲಿ ಬೆಳಕನ್ನು ಬಿಳಿಯಾಗಿಸುವ ಫಾಸ್ಫರ್ ಪದರ ಚಿಪ್ಪಿನಿಂದ ಕಳಚಿಕೊಂಡಿತ್ತು. ಆದರೆ ಡೆಟ್ರಾಯಿಟ್ ಒಂದು ವಿಷಯದಲ್ಲಿ ನಮಗಿಂತ ಮುಂದಿತ್ತು. ಯಾವ ದೀಪ ಯಾವ ಬ್ಯಾಚಿನದು, ಎಂದು ಹಾಕಿದ್ದು, ಎಂದು ಕೆಟ್ಟಿದ್ದು ಎಂಬ ಲೆಕ್ಕವಿಲ್ಲದೆ ಅಂಥ ಮೊಕದ್ದಮೆಯನ್ನು ಹೂಡಲು ಆಗುವುದೇ ಇಲ್ಲ.

ನಮ್ಮಲ್ಲಿ ಆ ಲೆಕ್ಕ ಇರುವುದು ಕೆಲವು ಮನುಷ್ಯರ ತಲೆಯಲ್ಲಿ. ಹತ್ತು ವರ್ಷ ಒಂದೇ ವಾರ್ಡಿನಲ್ಲಿ ದುಡಿದ ವೈರ್‌ಮನ್‌ಗೆ ಯಾವ ಕಂಬದ ಕೆಳಗೆ ಜಲಮಂಡಳಿಯ ಅಗೆತದಲ್ಲಿ ಕೇಬಲ್ಲು ತುಂಡಾಗಿ ಜಾಯಿಂಟು ಬಿದ್ದಿದೆ, ಯಾವ ಪ್ಯಾನೆಲ್ಲಿನೊಳಗೆ ಇರುವೆ ಗೂಡು ಕಟ್ಟಿ ಕಾಂಟ್ಯಾಕ್ಟರು ಹಿಡಿಯುವುದಿಲ್ಲ ಎಂಬುದೆಲ್ಲ ಗೊತ್ತು. ಅವನು ಗುತ್ತಿಗೆ ನೌಕರ. ಟೆಂಡರ್ ಬದಲಾದರೆ ಅವನು ಹೋಗುತ್ತಾನೆ, ಅವನೊಂದಿಗೆ ವಾರ್ಡಿನ ಎಲ್ಲ ದೋಷಗಳ ಚರಿತ್ರೆಯೂ ಹೋಗುತ್ತದೆ. ಹೊಸಬ ಮೊದಲಿನಿಂದ ಶುರು ಮಾಡುತ್ತಾನೆ, ಬಲ್ಬಿನಿಂದ.

ಹಣ ಕೊಡುವ ಕ್ರಮವೂ ಇದಕ್ಕೆ ನೀರೆರೆಯುತ್ತದೆ. ಬದಲಿಸಿದ ಬಿಡಿಭಾಗಕ್ಕೆ ದುಡ್ಡು ಸಿಗುವಲ್ಲಿ ದೋಷ ಹುಡುಕಲು ಕಳೆದ ಮೂರು ಗಂಟೆಗೆ ಬೆಲೆಯಿಲ್ಲ. ಎಲ್‌ಇಡಿ ಯೋಜನೆಗಳು ಇದನ್ನು ಬದಲಿಸಬಹುದಿತ್ತು. ಕೇಂದ್ರದ ಬೀದಿದೀಪ ಕಾರ್ಯಕ್ರಮ 2015ರ ಜನವರಿಯಲ್ಲಿ ಶುರುವಾಗಿ ದೇಶದಲ್ಲಿ 1.3 ಕೋಟಿಗೂ ಹೆಚ್ಚು ದೀಪಗಳನ್ನು ಬದಲಿಸಿತು. 2014ರ ಹುದ್‌ಹುದ್ ಚಂಡಮಾರುತದಲ್ಲಿ ಜರ್ಜರಿತವಾದ ವಿಶಾಖಪಟ್ಟಣ ಅದರ ಮೊದಲ ದೊಡ್ಡ ಉದಾಹರಣೆ, ಅಲ್ಲಿ 90 ಸಾವಿರಕ್ಕೂ ಹೆಚ್ಚು ದೀಪಗಳು ಎಲ್‌ಇಡಿಯಾದವು. ಬೆಂಗಳೂರು ಬೇರೆ ದಾರಿ ಹಿಡಿಯಿತು. 2019ರಲ್ಲಿ ಸುಮಾರು 4.85 ಲಕ್ಷ ದೀಪಗಳನ್ನು ಬದಲಿಸಿ, ಉಳಿದ ವಿದ್ಯುತ್ತಿನ ಹಣದಲ್ಲೇ ವೆಚ್ಚ ತೀರಿಸುವ ಒಪ್ಪಂದ ಒಂದು ಖಾಸಗಿ ಒಕ್ಕೂಟದೊಂದಿಗೆ ಆಯಿತು. ಕೆಲಸ ಮುಂದುವರಿಯದೆ ಅದು ರದ್ದಾಯಿತು. ಇಂಥ ಒಪ್ಪಂದಗಳಲ್ಲಿ ನನಗೆ ಕಾಣುವ ಮೂಲ ಕೊರತೆ ಒಂದೇ: ಉಳಿತಾಯದ ಲೆಕ್ಕ ದೀಪದ ವ್ಯಾಟಿನ ಮೇಲೆ ನಿಂತಿರುತ್ತದೆ, ದೀಪದ ಕೆಳಗಿನ ಕೇಬಲ್ಲು, ಅರ್ಥಿಂಗು, ಪ್ಯಾನೆಲ್ಲುಗಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ದೂರದಿಂದ ನಿಗಾ ಇಡುವ ಸಿಸಿಎಂಎಸ್ ವ್ಯವಸ್ಥೆ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅಧಿಕಾರಿಗಳಲ್ಲಿದೆ. ಅದು ಒಳ್ಳೆಯ ಸಾಧನ, ಆದರೆ ಅದು ಏನನ್ನು ನೋಡಬಲ್ಲದು ಎಂದು ತಿಳಿದಿರಬೇಕು. ಒಂದು ಪ್ಯಾನೆಲ್ಲಿಗೆ 70 ವ್ಯಾಟಿನ 30 ದೀಪಗಳಿದ್ದರೆ ಒಟ್ಟು ಕರೆಂಟು ಸುಮಾರು 9 ಆಂಪಿಯರ್. ಒಂದು ದೀಪ ಆರಿದರೆ ಇಳಿಯುವುದು 0.3 ಆಂಪಿಯರ್; ವೋಲ್ಟೇಜ್ ಶೇ 5ರಷ್ಟು ಏರುಪೇರಾದರೂ ಕರೆಂಟು ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ಹಾಗಾಗಿ ಫೇಸು ಹೋದದ್ದನ್ನು, ಟ್ರಿಪ್ ಆದದ್ದನ್ನು, ಹಗಲು ಉರಿದದ್ದನ್ನು ಅದು ತಪ್ಪದೆ ಹಿಡಿಯುತ್ತದೆ. ಒಂಟಿ ಕಂಬದ ಕತ್ತಲು ಅದಕ್ಕೆ ಕಾಣುವುದು ಕಷ್ಟ. ಅದಕ್ಕೆ ಇಂದಿಗೂ ರಾತ್ರಿ ಗಸ್ತು ಬೇಕು, ಕಣ್ಣಿರುವ ಮನುಷ್ಯ ಬೇಕು.

ಕತ್ತಲಿನ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಕಾರಿನಲ್ಲಿ ಹೋಗುವವನ ಬಳಿ ಅವನದೇ ದೀಪವಿದೆ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಿಂದ ಕೊನೆಯ ಪಾಳಿ ಮುಗಿಸಿ ನಡೆದು ಬರುವ ಹೆಣ್ಣುಮಕ್ಕಳಿಗೆ, ನಸುಕಿನಲ್ಲಿ ಪೊರಕೆ ಹಿಡಿದು ರಸ್ತೆಗಿಳಿಯುವ ಪೌರಕಾರ್ಮಿಕರಿಗೆ ಬೀದಿದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ನ್ಯೂಯಾರ್ಕಿನಲ್ಲಿ 2016ರಲ್ಲಿ ಸಾರ್ವಜನಿಕ ವಸತಿ ಸಮುಚ್ಚಯಗಳನ್ನು ಚೀಟಿ ಎತ್ತಿದಂತೆ ಆರಿಸಿ ಹೆಚ್ಚುವರಿ ದೀಪಗಳನ್ನಿಟ್ಟ ಪ್ರಯೋಗದಲ್ಲಿ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಶೇ 36ರಷ್ಟು ಇಳಿದವು. ನಮ್ಮ ಬೀದಿಗಳಿಗೆ ಆ ಅಂಕಿಯನ್ನು ಹಾಗೆಯೇ ತಂದು ಹೊಂದಿಸಲಾಗದು. ಆದರೆ ದೂರುಗಳ ಪಟ್ಟಿಯಲ್ಲಿ ಯಾವ ಬೀದಿ ಮೊದಲು ಬರಬೇಕು ಎಂಬುದನ್ನು ಬಸ್ ನಿಲ್ದಾಣ, ಕಾರ್ಖಾನೆ ಬಾಗಿಲು, ಹಾಸ್ಟೆಲುಗಳ ದಾರಿಯಿಂದ ತೀರ್ಮಾನಿಸಲು ಇನ್ನಷ್ಟು ಪುರಾವೆ ಬೇಕಿಲ್ಲ.

ಇನ್ನು ಯಾರನ್ನು ಕೇಳಬೇಕೆಂಬ ಪ್ರಶ್ನೆ. ವಿದ್ಯುತ್ತು ಬೆಸ್ಕಾಂನದು, ದೂರಿಗೆ 1912. ದೀಪ ಪಾಲಿಕೆಯದು, ದೂರಿಗೆ 1533. ಹೆದ್ದಾರಿಯ ದೀಪ ಹೆದ್ದಾರಿ ಪ್ರಾಧಿಕಾರದ್ದು, ಹಸ್ತಾಂತರವಾಗದ ಬಡಾವಣೆಯದು ಬಿಡಿಎಯದು. ಕಂಬ ಒಬ್ಬರದು, ಅದರ ಮೇಲಿನ ದೀಪ ಇನ್ನೊಬ್ಬರದು ಆಗಿರುವುದೂ ಉಂಟು. ಕಂಬದ ಮೇಲೆ ಒಂದು ನಂಬರು ಬರೆದಿದ್ದು, ಆ ನಂಬರು ಹೇಳಿದೊಡನೆ ಅದರ ಮಾಲೀಕ, ಪ್ಯಾನೆಲ್, ಫೇಸು, ಹಿಂದಿನ ಎಲ್ಲ ದುರಸ್ತಿ ತೆರೆಯುವಂತಾದರೆ ಜನ ಈ ವಂಶಾವಳಿಯನ್ನು ಕಲಿಯಬೇಕಾದ ಅಗತ್ಯವೇ ಇಲ್ಲ. ಅದೇ ಕಂಬ ಆರು ತಿಂಗಳಲ್ಲಿ ಮೂರನೆಯ ಸಲ ದೂರಿಗೆ ಬಂದರೆ, ಬಲ್ಬು ಬದಲಿಸುವವನ ಬದಲು ಮೆಗ್ಗರ್ ಮತ್ತು ಅರ್ಥ್ ಟೆಸ್ಟರ್ ಹಿಡಿದ ತಂಡ ಹೋಗಬೇಕೆಂಬ ಒಂದೇ ನಿಯಮ ಸಾಕಷ್ಟನ್ನು ಬದಲಿಸಬಲ್ಲದು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಗಡಿ ರಸ್ತೆಗಳಲ್ಲಿ ಪ್ಯಾನೆಲ್ ಒಂದು ಪಾಲಿಕೆಗೂ ಅದರಿಂದ ಬೆಳಗುವ ಕೊನೆಯ ಕಂಬಗಳು ಇನ್ನೊಂದಕ್ಕೂ ಸೇರುವ ಸಾಧ್ಯತೆ ಇದೆ. ಅಂಥ ಪ್ರತಿಯೊಂದು ಸಾಲನ್ನೂ ಗುರುತಿಸಿ, ಹೊಣೆ ಯಾರದೆಂದು ಬರೆದಿಟ್ಟು, ಐದೂ ಪಾಲಿಕೆಗಳು ತಮ್ಮ ನಿರ್ವಹಣಾ ಟೆಂಡರುಗಳಲ್ಲಿ ಪ್ಯಾನೆಲ್‌ವಾರು ಇನ್ಸುಲೇಷನ್ ಮತ್ತು ಅರ್ಥಿಂಗ್ ಅಳತೆಗೆ ಪ್ರತ್ಯೇಕ ಹಣ ಇಡಬೇಕು. ಬೈಪಾಸ್ ಮಾಡಿದ ಇಎಲ್‌ಸಿಬಿಗಳನ್ನು ಮೊದಲು ಹುಡುಕಿ ಸರಿಪಡಿಸಬೇಕು. ಅಳತೆಯ ಮೊದಲ ಸುತ್ತು ಮಾರ್ಚ್ ಮುಗಿಯುವುದರೊಳಗೆ, ಏಪ್ರಿಲ್‌ನ ಗುಡುಗುಮಳೆ ಶುರುವಾಗುವ ಮೊದಲೇ ಆಗಬೇಕು. ಎರಡನೆಯ ಸುತ್ತು ಮೊದಲ ದೊಡ್ಡ ಮಳೆಯ ರಾತ್ರಿಯೇ, ಕಂಬದ ಬುಡ ಒದ್ದೆಯಿರುವಾಗಲೇ ನಡೆಯಬೇಕು.